ಅಳತಿ ಬುಕ್ಕಿನಾಗ ಒಂದು ಗಿಡ

ಹೆಸರು: ಚೀರ್.
ಎತ್ತರ: ಒಂಬತ್ತೂವರಿ ಇಂಚು.
ಎದಿ, ನಡ, ತೋಳು: ಗೆರಿ ಎಳದೀನಿ.
ಮ್ಯಾಲಿನ ಸಾಲಿನಾಗ ಸಾರ್ಜೆಂಟ್ ಪಿಳ್ಳೈ ಅವರ ಪ್ಯಾಂಟು,
ಕೆಳಗ ನಫೀಸಾ ಟೀಚರ್‌ದು ಎರಡು ಬ್ಲೌಜು,
ನಡಬರಕ ಇದು.

ಕೊಟ್ಟಾಕಿ ಖಷ್ಟಿ ಮೆಹ್ರಾ,
ಏರ್‌ಫೋರ್ಸ್ ಕ್ವಾರ್ಟರ್ಸಿನಾಕಿ, ಅಲ್ಮೋಡಾ ಗುಡ್ಡದಾಕಿ.
ಗಂಡಗ ಬದ್ಲಿ ಆಗಿ ಲಾರಿ ಬಂದು ನಿಂತಾಗ
ಸೋಫಾ ಹತ್ತಿತು, ಕೂಲರ್ ಹತ್ತಿತು,
ನಾಯಿ ಸುದ್ದಾ ಹತ್ತಿತು.
ಹಾಲಿನಪುಡಿ ಡಬ್ಬಿಯೊಳಗಿನ ಈ ಸಸಿ
ನನ್ನ ಮಷೀನಿನ ಮ್ಯಾಲಿಟ್ಟು
"ಚೀರ್" ಅಂದ್ಲು.
ನಮ್ಮ ಮಾತಿನಾಗ ಚೀರು ಅಂದ್ರ ಒದರು.
ಇಬ್ಬರೂ ಒದರಲಿಲ್ಲ.
ನೀರು ಹೆಂಗ ಹಾಕಬೇಕು, ಎಷ್ಟು ಹಾಕಬೇಕು,
ಹಿಂದಿಯಾಗ ಹೇಳ್ಕೋತ ಹೋದ್ಲು.
ಡ್ರೈವರ್ ಹಾರ್ನ್ ಹೊಡದ.
ಅರ್ಧ ಕೇಳಲಿಲ್ಲ.

ಆ ಕೇಳದ ಅರ್ಧದಾಗೇ ನಾ ತಪ್ಪಿದ್ದು.

ಬ್ಯಾಸಗಿ ಬಂತು. ಬೀದರದ ಗಾಳಿ
ಇಸ್ತ್ರಿಪೆಟಗಿ ಬಾಯಿ ತಗದಂಗ.
ಗುಡ್ಡದ ಕೂಸು, ಸುಟ್ಟೀತು ಅಂತ
ಮುಂಜಾನಿ ಒಂದು ಬಕೀಟು, ಸಂಜೀಕ ಒಂದು ಬಕೀಟು,
ಮಧ್ಯಾಹ್ನ ತಡೀಲಾರದೆ ಒಂದು ತಂಬಿಗಿ.
ತುದಿ ಹಳದಿ ಆತು. ಇನ್ನೊಂದು ಬಕೀಟು ಹಾಕಿದೆ.
ಬಾವಿ ತೋಡೋ ಮಸ್ತಾನಸಾಬ್
ಸಲ್ವಾರ ಇಸ್ಕೊಳ್ಳಾಕ ಬಂದವ
ಬುಡಕ ಬೆರಳಿಟ್ಟು ವಾಸನಿ ನೋಡಿದ.
"ಯವ್ವಾ, ನೀ ಇದಕ ದಿನಾ ಜಳಕ ಮಾಡಸ್ಲಕತ್ತಿ.
ಬೇರು ಉಸರಾಡಬೇಕೋ ಬ್ಯಾಡೋ?"

ಅವನೇ ಕಿತ್ತ, ಅವನೇ ತೋಡಿದ.
ಎರಡು ಮೊಳಕ್ಕ ಕೆಂಪು ಮಣ್ಣು, ಆಮ್ಯಾಲ ಜಂಬಿಟ್ಟಗಿ,
ತೂತು ತೂತು, ಹಳೇ ಸ್ಪಂಜಿನಂಗ.
"ಔರಾದದ ಎರಿ ಹೊಲದಾಗಾದ್ರ ಸತ್ತೇ ಹೋಗ್ತಿತ್ತು,
ಇಲ್ಲಿ ನೀರು ನಿಲ್ಲೋದಿಲ್ಲ, ಬದಕ್ತದ," ಅಂದ.
ಕೂಲಿ ಕೇಳಲಿಲ್ಲ.
ಮಗಳ ಸಲ್ವಾರ ಸ್ವಲ್ಪ ಸಡಿಲ ಮಾಡಿಸ್ಕೊಂಡು ಹೋದ.

ಮೂರು ಸೂಜಿ, ಬುಡಕ ಒಂದೇ ಚೀಲ.
ನಾ ಉಸ್ಮಾನಗಂಜಿನಾಗ ತರೋ ಪಾಕೀಟಿನಾಗ ಹತ್ತು.
ಇವಕ್ಕ ಕಣ್ಣಿಲ್ಲ, ದಾರ ಹೋಗೋದಿಲ್ಲ.
ಗಾಳಿ ಬಂದ್ರ ಸರ್ ಅಂತಾವ,
ದೂರದಾಗ ಯಾರೋ ಥಾನು ಬಿಚ್ಚಿದಂಗ.

ಸದಾ ಹಸಿರು ಅಂತಾರ. ಸುಳ್ಳು.
ದಿನಾ ಉದುರ್ತದ,
ಆದ್ರ ಒಮ್ಮಿಗೇ ಉದುರಿ ಬೋಳಾಗಿ ನಿಂತು
ನೋಡ್ರಿ ನನ್ನ ದುಃಖ ಅನ್ನೋದಿಲ್ಲ.
ಉದುರಿದ್ದು ಬಳದು ಬುಡಕ್ಕೇ ಹಾಸ್ತೀನಿ.
ಒಂದು ಸಲ ಅಂಬುಜಾಬಾಯಿ ಬ್ಲೌಜು ತಿರುಗಿ ತಂದು
"ನಿನ್ನ ಸೂಜಿ ನನ್ನ ಬೆನ್ನಿಗಿ ಚುಚ್ಚಿತು" ಅಂತ ಜಗಳಾಡಿದ್ಲು.
ತಗದು ತೋರಿಸಿದೆ:
ನಂದಲ್ಲವ್ವಾ, ಅಂಗಳದಾಗಿಂದು.
ರೊಕ್ಕ ಮಾತ್ರ ಹತ್ತು ಕಡಿಮಿನೇ ಕೊಟ್ಲು.

ಡಿಸೆಂಬರದಾಗ ಮಂಗಲಪೇಟದ ಯೋನಾ ಬಂದ,
ಕೈಯಾಗ ಗರಗಸ, ಮಾರಿಮ್ಯಾಲ ನಾಚಿಗಿ:
"ಆಂಟಿ, ಚರ್ಚಿಗಿ... ಪೂರಾ ಅಲ್ಲ."
ಅರಿವಿ ಒಣಗಸೋ ಹಗ್ಗಕ್ಕ ತಾಗೋ ಟೊಂಗಿ ತೋರಿಸಿದೆ.
ಥಂಡಿಯಾಗ ಕೊಯ್ದ್ರ ಗಾಯ ಲಗೂ ಮಾಯ್ತದ.
ಮೂರು ದಿನ ಅಂಟು ಸುರೀತು.
ನನ್ನ ಹೆಬ್ಬೆರಳಿಗಿ ಹತ್ತಿ,
ಅಲ್ಲಿಂದ ಪಿಳ್ಳೈ ಅವರ ಕಾಲರಿಗಿ ಹತ್ತಿ,
ಸೀಮೆಎಣ್ಣಿ ಹಚ್ಚಿದ್ರೂ ಆ ವಾಸನಿ ಹೋಗಲಿಲ್ಲ.
ಅಂವ ಮೂಸಿ, "ಯಾವ ಸಾಬೂನು?" ಅಂತ ಕೇಳಿದ.

ಎರಡನೇ ವರ್ಷ: ಹನ್ನೊಂದು.
ಮೂರನೇದು: ಹನ್ನೊಂದು.
(ಟೇಪು ಮೂರು ಸಲ ಹಿಡದೀನಿ.)
ನಾಕನೇದು: ಹತ್ತೊಂಬತ್ತು.
ಮೂವತ್ನಾಕು.
ಐವತ್ತೆಂಟು.
ಆಮ್ಯಾಲ ಟೇಪೇ ಮುಗೀತು.
ಈ ವರ್ಷ ಸ್ಟೂಲಿನ ಮ್ಯಾಲ ನಾ,
ಕೆಳಗ ತುದಿ ಹಿಡದು ಮಸ್ತಾನಸಾಬ್,
"ನೆಟ್ಟಗ ನಿಂದ್ರು" ಅಂತ ಗಿಡಕ್ಕ ಹೇಳ್ತಾನ,
ಗಿರಾಕಿಗಿ ನಾ ಹೇಳ್ದಂಗ.

ಖಷ್ಟಿಯ ನಂಬರು ಈಗ ಹತ್ತೋದಿಲ್ಲ.
ಜೋಧಪುರ ಅಂದ್ರು, ತೇಜಪುರ ಅಂದ್ರು.
ಬುಕ್ಕಿನಾಗ ಎಲ್ಲರ ಮುಂದ ಕೊಡೋ ತಾರೀಖು ಅದ,
ಇದರ ಮುಂದ ಖಾಲಿ.
ಎಂದರ ಬಂದು ಬಾಗಲಾಗ ನಿಂತು
"ಆತೇನು?" ಅಂತ ಕೇಳಿದ್ರ
ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳೋದೇ ಹೇಳ್ತೀನಿ:
ಆಗೇದರಿ,
ಇನ್ನಾ ಕಾಜಾ-ಗುಂಡಿ ಉಳದದ,
ಕುಂದ್ರು.